ಜೆನ್ಯಾಟಾ, ಮೊಂಡಾಟ: ಪೊಲೀಸ್ ಬ್ಯಾಂಡನ್ನು ಕೇಳುವ ಬಗೆ

1989ರ ದಸರಾ ರಜೆಗೆ ಅಣ್ಣ ಬೆಂಗಳೂರಿನಿಂದ ಬಂದಾಗ ಅವನ ಬ್ಯಾಗಿನಲ್ಲಿ ಒಗೆಯದ ಬಟ್ಟೆಗಳ ನಡುವೆ ಒಂದು ಕ್ಯಾಸೆಟ್ ಇತ್ತು. ಬ್ರಿಗೇಡ್ ರೋಡಿನಲ್ಲಿ ಕೊಂಡದ್ದು. ಅಜ್ಜಿ ಅದನ್ನು ತಿರುಗಿಸಿ ನೋಡಿ, "ಏನೋ ಇದು?" ಅಂದರು. "ಪೊಲೀಸ್, ಅಜ್ಜಿ." ಅಜ್ಜಿಗೆ ಖುಷಿಯಾಯಿತು. ವರ್ಷಾ ವರ್ಷಾ ಅರಮನೆಯಲ್ಲಿ ಪೊಲೀಸ್ ಬ್ಯಾಂಡ್ ಕೇಳಿದವರು. ಅದೇ ಕ್ಯಾಸೆಟ್ಟಾಗಿ ಬಂದಿದೆ ಅಂದುಕೊಂಡು, "ಹಾಕು, ಕೇಳೋಣ" ಎಂದು ಕಾಲು ನೀಡಿ ಕೂತರು. ಅಣ್ಣ ಹಾಕಿದ. ಪಿಯಾನೋ ಮೇಲೆ ಯಾರೋ ದೊಪ್ಪನೆ ಕೂತ ಸದ್ದು, ಒಂದು ನಗು, ಆಮೇಲೆ ತಾರಸ್ಥಾಯಿಯಲ್ಲಿ ಕಿರುಚುವ ಒಂದು ಗಂಡು ಗಂಟಲು. ಎರಡು ನಿಮಿಷ ಕೇಳಿದ ಅಜ್ಜಿ, "ಪಾಪ, ಯಾರನ್ನೋ ಹಿಡಿದು ಹೊಡೀತಿದಾರೆ" ಎಂದು ಎದ್ದು ಅಡುಗೆಮನೆಗೆ ಹೋದರು.

ಲಂಡನ್ನಿನ 'ದಿ ಪೊಲೀಸ್' ಎಂಬ ರಾಕ್ ಬ್ಯಾಂಡಿನ ಆ ಕ್ಯಾಸೆಟ್ಟು ಸವೆದು ಹೋಗಿ ಎಷ್ಟೋ ಕಾಲವಾಯಿತು. ಬ್ಯಾಂಡಿಗೂ ನನಗೂ ಇರುವುದು ಮಾತ್ರ ಮನೆ ಮಾಲೀಕರಿಗೂ ಹಳೇ ಬಾಡಿಗೆದಾರರಿಗೂ ಇರುವ ಸಂಬಂಧ. ದಿನಾ ಗೊಣಗಾಟ, ಆದರೆ ಮನೆ ಬಿಡಿಸುವ ಮಾತೇ ಇಲ್ಲ. ಹೋದ ತಿಂಗಳು ಅಣ್ಣನ ಮಗಳು ಫೋನ್ ಮಾಡಿ, "ಅತ್ತೆ, ನೀವು ಯಾವಾಗ್ಲೂ ಬೈತಾ ಬೈತಾ ಕೇಳ್ತೀರಲ್ಲ ಆ ಬ್ಯಾಂಡು, ಅದನ್ನ ಎಲ್ಲಿಂದ ಶುರು ಮಾಡ್ಲಿ?" ಅಂದಳು. ನಾಲ್ಕು ಸಾಲಿನ ಮೆಸೇಜ್ ಬರೆಯಲು ಕೂತವಳು ಇಷ್ಟು ಬರೆದೆ. ಬೇರೆಯವರಿಗೂ ಆದೀತು.

ನನ್ನ ಬಗ್ಗೆ ನೀವು ತಿಳಿದಿರಬೇಕಾದ್ದು ಎರಡೇ. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಚಿಕ್ಕವಳಿದ್ದಾಗ ಅಣ್ಣ ಮೃದಂಗ ಅಭ್ಯಾಸ ಮಾಡುವಾಗ ಎದುರಿಗೆ ಕೂತು ತಾಳ ಹಾಕುವ ಬಿಟ್ಟಿ ಕೆಲಸ ನನ್ನದಾಗಿತ್ತು. ಎರಡೂ ಮುಂದೆ ಬೇಕಾಗುತ್ತವೆ.

ಯಾರಿವರು, ಚುಟುಕಾಗಿ

1977ರ ಲಂಡನ್ನಿನಲ್ಲಿ ಪಂಕ್ ಎಂಬ ಒರಟು ರಾಕ್ ಸಂಗೀತದ ಹುಚ್ಚು. ಮೂರು ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛ, ಗೊತ್ತಿದ್ದವರೆಲ್ಲ ವೇದಿಕೆ ಹತ್ತುತ್ತಿದ್ದ ಕಾಲ. ನ್ಯೂ ವೇವ್‌ನವರು ಆ ತೆರೆದ ಬಾಗಿಲಲ್ಲೇ ಒಳಗೆ ನುಗ್ಗಿ, ಜಾಗ ಹಿಡಿದಮೇಲೆ "ನಮಗೆ ನುಡಿಸೋಕೂ ಬರುತ್ತೆ" ಅಂದವರು. ದಿ ಪೊಲೀಸ್ ಅಂಥ ಬ್ಯಾಂಡು. ಡ್ರಮ್ಮಿಗೆ ಸ್ಟೂವರ್ಟ್ ಕೋಪ್ಲೆಂಡ್, ಅಮೆರಿಕದವನು. ತಂದೆ ಸಿಐಎ ಅಧಿಕಾರಿಯಾಗಿದ್ದರಿಂದ ಅವನು ಬೆಳೆದದ್ದು ಬೈರೂತಿನಲ್ಲಿ. ಬೇಸ್ ಗಿಟಾರ್ ಮತ್ತು ಗಾಯನಕ್ಕೆ ಸ್ಟಿಂಗ್, ಹುಟ್ಟುಹೆಸರು ಗಾರ್ಡನ್ ಸಮ್ನರ್, ನ್ಯೂಕ್ಯಾಸಲ್ ಪಕ್ಕದ ವಾಲ್ಸೆಂಡಿನವನು, ಜಾಜ್ ನುಡಿಸುತ್ತಿದ್ದ ಶಾಲಾ ಮೇಷ್ಟ್ರು. ಮೊದಲ ಗಿಟಾರಿಸ್ಟ್ ಕೆಲವೇ ತಿಂಗಳಲ್ಲಿ ಹೋಗಿ ಆ್ಯಂಡಿ ಸಮ್ಮರ್ಸ್ ಬಂದ. ಅವನು ಹುಟ್ಟಿದ್ದು 1942ರಲ್ಲಿ, ಮಿಕ್ಕಿಬ್ಬರಿಗಿಂತ ಹತ್ತು ವರ್ಷ ದೊಡ್ಡವನು. ಇಪ್ಪತ್ತರ ಹುಡುಗರು ಹಲ್ಲು ಕಡಿಯುತ್ತಿದ್ದ ವೇದಿಕೆಯ ಮೇಲೆ ಮೂವತ್ತೈದರ ಹೊಸ್ತಿಲಲ್ಲಿದ್ದ ಒಬ್ಬ.

ಮೂವರ ಆ ಚಿನ್ನದ ಬಣ್ಣದ ಕೂದಲು ಬಂಡಾಯದ ಗುರುತು ಅಂದುಕೊಂಡು ನಾನು ಹದಿನಾರನೇ ವಯಸ್ಸಿನಲ್ಲಿ ಪುಳಕಗೊಂಡಿದ್ದೆ. 1978ರಲ್ಲಿ ಚೂಯಿಂಗ್ ಗಮ್ ಜಾಹೀರಾತೊಂದರಲ್ಲಿ ಪಂಕ್ ಹುಡುಗರಾಗಿ ಕಾಣಿಸಿಕೊಳ್ಳಲು ಬಳಿಸಿಕೊಂಡ ಬಣ್ಣ ಅದು ಅಂತ ಗೊತ್ತಾದದ್ದು ಬಹಳ ತಡವಾಗಿ. ಈ ಬ್ಯಾಂಡಿನ ಜೊತೆ ಇಂಥದ್ದು ಆಗುತ್ತಲೇ ಇರುತ್ತದೆ, ಅಭ್ಯಾಸ ಮಾಡಿಕೊಳ್ಳಿ.

ಮೊದಲು ಕಿವಿಗೆ ಕೆಲಸ

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಬೇಸ್ ಗಿಟಾರ್ ಅಲ್ಲಿ ಸತ್ತೇ ಹೋಗುತ್ತದೆ. ಬೇಸ್ ಇಲ್ಲದ ಪೊಲೀಸ್ ಅಂದರೆ ಬೇಳೆ ಇಲ್ಲದ ಸಾರು. ಇಯರ್‌ಫೋನ್ ಸಾದಾ ಇದ್ದರೂ ಸಾಕು, ಎರಡೂ ಕಿವಿಗೆ ಹಾಕಿಕೊಳ್ಳಿ.

ಈಗ 1979ರ 'ವಾಕಿಂಗ್ ಆನ್ ದ ಮೂನ್' ಹಾಕಿ. ಹಾಡುಗಾರನನ್ನು ಮರೆತುಬಿಡಿ, ಅವನ ಸರದಿ ಆಮೇಲೆ. ಮೊದಲ ಸಲ ಬೇಸ್ ಒಂದನ್ನೇ ಹಿಂಬಾಲಿಸಿ. ಕೆಲವೇ ಸ್ವರ, ಆಮೇಲೆ ಸುಮ್ಮನೆ ಇರುವುದು, ಮತ್ತೆ ಅವೇ ಸ್ವರ. ಎರಡನೇ ಸಲ ಗಿಟಾರ್. ಬೇಸಿನ ಸಾಲು ಮುಗಿಯುವ ಜಾಗದಲ್ಲಿ ಸಮ್ಮರ್ಸ್ ಒಂದೇ ಒಂದು ಕಾರ್ಡ್ ಮೀಟಿ ಕೈ ತೆಗೆಯುತ್ತಾನೆ. ಅದು ನೀರಿಗೆ ಬಿದ್ದ ಎಣ್ಣೆಯ ಹನಿಯ ಹಾಗೆ ಬಣ್ಣ ಬಣ್ಣವಾಗಿ ಹರಡುತ್ತಾ ಹೋಗುತ್ತದೆ. ಅವನ ಕಾಲದ ಮಿಕ್ಕ ಗಿಟಾರಿಸ್ಟರು ಅಷ್ಟು ಜಾಗ ಸಿಕ್ಕಿದ್ದರೆ ಮುನ್ನೂರು ಸ್ವರ ತುಂಬಿರುತ್ತಿದ್ದರು.

ಮೂರನೇ ಸಲ ಡ್ರಮ್. ಇಲ್ಲಿ ಸ್ವಲ್ಪ ನಿಲ್ಲಬೇಕು. ತೊಡೆಯ ಮೇಲೆ ನಾಲ್ಕು ಎಣಿಕೆ ಹಾಕಿಕೊಳ್ಳಿ. ಸಾಮಾನ್ಯ ರಾಕ್‌ನಲ್ಲಿ ದೊಡ್ಡ ಡ್ರಮ್ಮು ಒಂದರ ಮೇಲೆ ಧಂ ಅನ್ನುತ್ತದೆ, ಕೇಳುವವರಿಗೆ ಆಣೆ ಪ್ರಮಾಣ ಮಾಡಿದ ಹಾಗೆ. ಜಮೈಕಾದ ರೆಗೆ ಎಂಬ ಸಂಗೀತದಲ್ಲಿ 'ಒನ್ ಡ್ರಾಪ್' ಎಂಬ ನಡೆಯಿದೆ. ಅಲ್ಲಿ ಒಂದು ಖಾಲಿ, ಪೆಟ್ಟು ಬೀಳುವುದು ಮೂರರ ಮೇಲೆ. ಅನಾಗತ ಎತ್ತುಗಡೆಯ ಕೃತಿ ಕೇಳಿದವರಿಗೆ ಈ ರುಚಿ ಹೊಸದಲ್ಲ. ತಾಳ ಶುರುವಾಗಿದೆ, ಹಾಡು ಇನ್ನೂ ಬಂದಿಲ್ಲ, ಆ ಅರೆಗಳಿಗೆಯಲ್ಲಿ ಮೈ ಮುಂದಕ್ಕೆ ವಾಲುತ್ತದೆ. ಕೋಪ್ಲೆಂಡ್ ಆ ಖಾಲಿ ಜಾಗದ ಸುತ್ತ ಹೈ-ಹ್ಯಾಟಿನಲ್ಲಿ, ಅಂದರೆ ಕಾಲಿನಿಂದ ತೆರೆದು ಮುಚ್ಚುವ ಆ ಜೋಡಿ ತಟ್ಟೆಗಳಲ್ಲಿ, ನಟುವಾಂಗದವರ ತಾಳದಷ್ಟು ಚುರುಕಾಗಿ ಮಾತಾಡುತ್ತಿರುತ್ತಾನೆ. ಎಕೋ ಸೇರಿಸಿರುವುದರಿಂದ ಒಂದು ಪೆಟ್ಟು ಮೂರಾಗಿ ಕೇಳುತ್ತದೆ. ಬೈರೂತಿನಲ್ಲಿ ಬೆಳೆದಾಗ ಕಿವಿಗೆ ಬಿದ್ದ ಅರಬ್ಬೀ ನಡೆಗಳು ರೆಗೆ ಹಿಡಿಯಲು ತನಗೆ ನೆರವಾದವು ಅಂತ ಅವನೇ ಹೇಳಿಕೊಂಡಿದ್ದಾನೆ.

ಅಣ್ಣ ಆ ದಸರೆಯಲ್ಲಿ ಇದನ್ನು ಕೇಳಿ ಮೃದಂಗ ತಂದು ಜೊತೆಗೆ ನುಡಿಸಲು ಹೋದ. ಐದು ನಿಮಿಷದಲ್ಲಿ ನಿಲ್ಲಿಸಿ, "ಇವನು ಜಾಸ್ತಿ ನುಡಿಸ್ತಾನೆ ಕಣೇ, ಆದ್ರೂ ಜಾಗ ಬಿಡ್ತಾನೆ. ಹೆಂಗೆ?" ಅಂದ. ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಯಾವುದು ಮೊದಲು, ಯಾವುದು ಕೊನೆಗೆ

ಐದೇ ಆಲ್ಬಂ, 1978ರಿಂದ 1983ರ ಒಳಗೆ. ಬಂದ ಕ್ರಮದಲ್ಲಿ ಕೇಳಬೇಡಿ ಅನ್ನುವುದು ನನ್ನ ಸಲಹೆ.

ಎರಡನೆಯದರಿಂದ ಶುರು ಮಾಡಿ. 'ರೆಗಾಟಾ ದ ಬ್ಲಾಂಕ್', 1979. ಬ್ರಿಟನ್ನಿನಲ್ಲಿ ಅವರಿಗೆ ಮೊದಲ ನಂಬರ್ ಒನ್ ತಂದುಕೊಟ್ಟ 'ಮೆಸೇಜ್ ಇನ್ ಎ ಬಾಟಲ್' ಇದರಲ್ಲೇ ಇದೆ. ಅದರ ಆರಂಭದ ಗಿಟಾರ್ ನುಡಿಸಲು ಬೆರಳು ಎಷ್ಟು ಅಗಲಿಸಬೇಕು ಅನ್ನುವುದು ಗಿಟಾರ್ ಕಲಿಯುವ ಯಾವ ಹುಡುಗರನ್ನು ಕೇಳಿದರೂ ಹೇಳುತ್ತಾರೆ. ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ಜಾಗಕ್ಕೆ ಜಗ್ಗಾಡುತ್ತಿದ್ದಾರೆ, ಯಾರೂ ಇನ್ನೂ ಗೆದ್ದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಮೊದಲನೆಯದು, 'ಔಟ್‌ಲ್ಯಾಂಡೋಸ್ ದಾಮೂರ್'. ಲೆದರ್‌ಹೆಡ್ ಎಂಬ ಊರಿನಲ್ಲಿ ನೈಜೆಲ್ ಗ್ರೇ ಎಂಬ ಡಾಕ್ಟರು ನಡೆಸುತ್ತಿದ್ದ ಸ್ಟುಡಿಯೋದಲ್ಲಿ, ಬಿಡುವಿದ್ದಾಗೆಲ್ಲ ಹೋಗಿ, ಕಡಿಮೆ ದುಡ್ಡಿನಲ್ಲಿ ಮಾಡಿದ್ದು. ಅರ್ಧ ಆಲ್ಬಂ ಗಲಾಟೆ. 'ರಾಕ್ಸಾನ್' ಮಾತ್ರ ಬೇರೆ. ಬ್ರೆಜಿಲಿನ ಬೋಸಾ ನೋವಾ ನಡೆಯಲ್ಲಿ ಬರೆದಿದ್ದ ಹಾಡನ್ನು ಕೋಪ್ಲೆಂಡ್ ತಾಳ ತಿರುಗಿಸಿ ಹಾಕಿದ, ಅದರಿಂದ ಬ್ಯಾಂಡಿಗೆ ದಾರಿ ಸಿಕ್ಕಿತು. ಅಜ್ಜಿ ಕೇಳಿದ ಆ ದೊಪ್ಪನೆಯ ಸದ್ದು ನಿಜವಾಗಿಯೂ ಸ್ಟಿಂಗ್ ಸ್ಟುಡಿಯೋದ ಪಿಯಾನೋ ಮೇಲೆ ಅಚಾತುರ್ಯದಿಂದ ಕೂತದ್ದು. ಅಳಿಸದೆ ಬಿಟ್ಟರು. ಅಜ್ಜಿಯ ಕಿವಿ ಸರಿಯಾಗಿಯೇ ಇತ್ತು.

ಮೂರನೆಯದರ ಹೆಸರು 'ಜೆನ್ಯಾಟಾ ಮೊಂಡಾಟಾ'. ಅವರು ಸುಮ್ಮನೆ ಸದ್ದಿಗಾಗಿ ಹೊಸೆದ ಹೆಸರು, ಆದರೆ ಕನ್ನಡಿಗರಾದ ನಾವು ಅದರಲ್ಲಿ 'ಮೊಂಡಾಟ' ಕೇಳದೆ ಇರುವುದು ಹೇಗೆ? ಅಮ್ಮ ನನಗೆ ದಿನಾ ಅನ್ನುತ್ತಿದ್ದ ಮಾತು. 1980ರಲ್ಲಿ ನೆದರ್ಲೆಂಡ್ಸಿನ ಹಿಲ್ವರ್ಸಮ್‌ನಲ್ಲಿ ನಾಲ್ಕೇ ವಾರದಲ್ಲಿ, ಪ್ರವಾಸದ ಗಾಡಿ ಬಾಗಿಲಲ್ಲಿ ನಿಂತಿರುವಾಗ ಮುಗಿಸಿದ್ದು. ಅವಸರದ ಅಡುಗೆ, ಕೇಳಿದರೆ ತಿಳಿಯುತ್ತದೆ. ಮೊದಲ ಮೂರು ಹಾಡು ಕೇಳಿ, ಮಿಕ್ಕಿದ್ದು ಪಾತ್ರೆ ತೊಳೆಯುವಾಗ.

ನಾಲ್ಕನೆಯದು 'ಗೋಸ್ಟ್ ಇನ್ ದ ಮಷೀನ್', 1981, ಕೆರಿಬಿಯನ್ನಿನ ಮಾಂಟ್‌ಸೆರಾಟ್ ದ್ವೀಪದಲ್ಲಿ ಮಾಡಿದ್ದು. ಲೇಖಕ ಆರ್ಥರ್ ಕೋಸ್ಲರ್ ಪುಸ್ತಕದ ಹೆಸರು ಇಟ್ಟಿದ್ದಾರೆ. ಇಲ್ಲಿಂದ ಸ್ಟಿಂಗ್ ಓದಿದ್ದನ್ನೆಲ್ಲ ನಾವೂ ಕೇಳಬೇಕು. ಸಿಂಥಸೈಜರ್, ಒಂದರ ಮೇಲೊಂದು ಸ್ಯಾಕ್ಸಫೋನ್. ಆ ಸದ್ದಿನಡಿಯಲ್ಲಿ ಸಮ್ಮರ್ಸ್ ಗಿಟಾರನ್ನು ಹುಡುಕುವುದು ಸಂತೆಯಲ್ಲಿ ಮಗು ಹುಡುಕಿದಂತೆ. ಆದರೆ 'ಇನ್ವಿಸಿಬಲ್ ಸನ್' ಇದೆ. ಉತ್ತರ ಐರ್ಲೆಂಡಿನ ಉಪವಾಸ ಸತ್ಯಾಗ್ರಹಗಳ ವರ್ಷದಲ್ಲಿ ಬರೆದ ಹಾಡು, ಅದರ ವಿಡಿಯೋವನ್ನು ಬಿಬಿಸಿ ತೋರಿಸಲಿಲ್ಲ. ಈ ಬ್ಯಾಂಡು ತನ್ನಿಂದ ಆಚೆಗೆ ನೋಡಿದ ಕೆಲವೇ ಗಳಿಗೆಗಳಲ್ಲಿ ಒಂದು. ರಾತ್ರಿ ದೀಪ ಆರಿಸಿ ಕೇಳಿ.

ಐದನೆಯದಕ್ಕೆ ಇನ್ನೂ ಹೋಗಬೇಡಿ.

ಮೇಷ್ಟ್ರ ಹಾಡು

'ಡೋಂಟ್ ಸ್ಟ್ಯಾಂಡ್ ಸೋ ಕ್ಲೋಸ್ ಟು ಮೀ' ನಾನು ಮೊದಲು ಕೇಳಿದ್ದು ತಪ್ಪು ರೂಪದಲ್ಲಿ. ಅಣ್ಣನ ಕ್ಯಾಸೆಟ್ಟಿನಲ್ಲಿ ಇದ್ದದ್ದು 1986ರ ಮರುಮಾಡಿಕೆ. ಒಡೆದುಹೋಗಿದ್ದ ಬ್ಯಾಂಡು ಹಳೆಯ ಹಾಡುಗಳನ್ನೆಲ್ಲ ಹೊಸದಾಗಿ ಧ್ವನಿಮುದ್ರಿಸಲು ಸೇರಿದಾಗ ಕೋಪ್ಲೆಂಡ್ ಕುದುರೆಯಿಂದ ಬಿದ್ದು ಕೊರಳೆಲುಬು ಮುರಿದುಕೊಂಡ. ಡ್ರಮ್ ಯಂತ್ರ ಯಾವುದಿರಬೇಕು ಅಂತ ಜಗಳವಾಯಿತು. ಆಗ ಹೊರಗೆ ಬಂದದ್ದು ಈ ಒಂದೇ ಹಾಡು, ಜ್ವರ ಬಂದವರ ಹಾಗೆ ತೂಗಾಡುತ್ತದೆ. ನೀವು 1980ರ ಮೂಲವನ್ನೇ ಕೇಳಿ.

ಕಷ್ಟ ಶುರುವಾಗುವುದು ಅಲ್ಲೇ. ಮೂಲ ತುಂಬಾ ಚೆನ್ನಾಗಿದೆ. ಕೆಳಗಿನಿಂದ ಏಳುವ ಗುಂಯ್ಗುಡುವಿಕೆ, ಪಿಸುಮಾತಿನಂಥ ಚರಣ, ಪಲ್ಲವಿಗೆ ಬಾಗಿಲು ತೆರೆದ ಹಾಗೆ ಒಮ್ಮೆಲೇ ಬೆಳಕು. ವಿಷಯ: ಯುವಕ ಮೇಷ್ಟ್ರು, ಅವನ ಮೇಲೆ ಮನಸ್ಸಿಟ್ಟ ವಿದ್ಯಾರ್ಥಿನಿ, ಸ್ಟಾಫ್ ರೂಮಿನ ಗುಸುಗುಸು. ಕಾಲೇಜಿನಲ್ಲಿದ್ದಾಗ ನಾನು ಇದನ್ನು ಆ ಹುಡುಗಿಯ ಕಡೆಯಿಂದ ಕೇಳುತ್ತಿದ್ದೆ. ಕೆಲಸಕ್ಕೆ ಸೇರಿದ ವರ್ಷ ಒಂಬತ್ತನೇ ತರಗತಿ ಎ ವಿಭಾಗದ ಉತ್ತರಪತ್ರಿಕೆ ತಿದ್ದುತ್ತಾ ಹಾಕಿಕೊಂಡೆ, ಪೂರ್ತಿ ಕೇಳಲಾಗಲಿಲ್ಲ. ಎದುರಿಗೆ ಆ ವಯಸ್ಸಿನ ಮಕ್ಕಳ ಕೈಬರಹ ಇರುವಾಗ, ಪೇಚು ಮತ್ತು ಭಯವೆಲ್ಲ ಮೇಷ್ಟ್ರದ್ದೇ ಎನ್ನುವ ಹಾಗೆ ಹಾಡುವ ಗಂಟಲು ಇಷ್ಟವಾಗಲಿಲ್ಲ. ಹಾಡಿದವನು ಸ್ವತಃ ಮೇಷ್ಟ್ರಾಗಿದ್ದವನು. ಹಾಡು ತನ್ನ ಕತೆಯಲ್ಲ ಅಂದಿದ್ದಾನೆ, ನಂಬೋಣ. ಹಾಡಿನೊಳಗೆ ಆ ಹುಡುಗಿಗೆ ಒಂದು ಮಾತೂ ಇಲ್ಲ ಅನ್ನುವುದು ಹಾಗೆಯೇ ಉಳಿಯುತ್ತದೆ. ಮೇಲಿಂದ ರಷ್ಯನ್ ಕಾದಂಬರಿಕಾರ ನಬೊಕೊವ್‌ನ ಹೆಸರನ್ನು ಕೆಮ್ಮಿನ ಜೊತೆ ಪ್ರಾಸ ಕಟ್ಟಿದ್ದಾನೆ. ಪ್ರಾಸಕ್ಕಾಗಿ ತ್ರಾಸ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇಲ್ಲ.

ಹಾಗಾದರೆ ಏನು ಮಾಡುವುದು? ನಾನು ಮಾಡುವುದು ಇಷ್ಟು: ಪಲ್ಲವಿಯಲ್ಲಿ ಪದ ಬಿಟ್ಟು ಕೋಪ್ಲೆಂಡನ ಕೈ ಹಿಡಿಯುತ್ತೇನೆ. ಶಾಲೆ ಇರುವ ದಿನ ಕೇಳುವುದಿಲ್ಲ. ಇದೊಂದು ವ್ರತದ ಹಾಗಾಗಿದೆ.

ಪದಗಳ ವಿಷಯ ಬಂತು, ಒಂದು ಲೆಕ್ಕ ಹೇಳಿಬಿಡುತ್ತೇನೆ. 'ರಾಕ್ಸಾನ್'ನಲ್ಲಿ ಒಬ್ಬ ಗಂಡಸು ಮೈಮಾರಿ ಬದುಕುವವಳಿಗೆ ಇನ್ನು ಹಾಗೆ ಮಾಡಬೇಡ ಅನ್ನುತ್ತಾನೆ. 'ಕಾಂಟ್ ಸ್ಟ್ಯಾಂಡ್ ಲೂಸಿಂಗ್ ಯು'ನಲ್ಲಿ ಬಿಟ್ಟುಹೋದವಳಿಗೆ ಸಾಯುತ್ತೇನೆ ಅಂತ ಬೆದರಿಸುತ್ತಾನೆ. 'ಎವೆರಿ ಬ್ರೆತ್ ಯು ಟೇಕ್'ನಲ್ಲಿ ಅವಳು ಇಟ್ಟ ಪ್ರತಿ ಹೆಜ್ಜೆಯನ್ನೂ ಕಾಯುತ್ತಾ ಕೂರುತ್ತಾನೆ. ಮೂರು ಹಾಡು, ಮೂರು ರಾಗ, ಗಂಡಸು ಒಬ್ಬನೇ. ಗೊತ್ತಿದ್ದು ಬರೆದ ಪಾತ್ರವೋ, ಗೊತ್ತಿಲ್ಲದೆ ಹೊರಬಿದ್ದದ್ದೋ ಅಂತ ಪ್ರತಿ ಹಾಡಿನಲ್ಲೂ ಕೇಳಿಕೊಳ್ಳಿ. ನನ್ನ ಉತ್ತರ ವರ್ಷಕ್ಕೊಮ್ಮೆ ಬದಲಾಗಿದೆ.

ಮದುವೆಮನೆಯಲ್ಲಿ ಸಿಕ್ಕಿಬಿದ್ದರೆ

ಈಗ ಐದನೆಯದು, 'ಸಿಂಕ್ರೊನಿಸಿಟಿ', 1983. ಅಮೆರಿಕದಲ್ಲಿ ಹದಿನೇಳು ವಾರ ನಂಬರ್ ಒನ್ ಇದ್ದ ಆಲ್ಬಂ. ಮತ್ತೆ ಮಾಂಟ್‌ಸೆರಾಟ್. ಈ ಸಲ ಮೂವರೂ ಬೇರೆ ಬೇರೆ ಕೋಣೆಗಳಲ್ಲಿ ಕೂತು ನುಡಿಸಿದರು, ಕೋಪ್ಲೆಂಡನ ಡ್ರಮ್ಮು ಊಟದ ಕೋಣೆಯಲ್ಲಿ. ಸದ್ದು ಚೆನ್ನಾಗಿ ಬರಲಿ ಅಂತಲೂ ಹೌದು, ಆದರೆ ಒಂದೇ ಕೋಣೆಯಲ್ಲಿ ಇರಲು ಆಗದಂಥ ಕಾಲವೂ ಅದಾಗಿತ್ತು. ಎಲ್‌ಪಿಯ ಎರಡನೇ ಬದಿ ಪೂರ್ತಿ ಸ್ಟಿಂಗ್ ಹಾಡುಗಳು. ಅಲ್ಲಿ ಜಗ್ಗಾಟ ಮುಗಿದಿದೆ, ಒಬ್ಬ ಗೆದ್ದಿದ್ದಾನೆ. ಅಷ್ಟು ಸುಂದರವಾದ ನಿರ್ಜೀವ ಸಂಗೀತವನ್ನು ನಾನು ಬೇರೆಲ್ಲೂ ಕೇಳಿಲ್ಲ. ತಿಂಗಳಿಗೆ ಎರಡು ಸಲ ಕೇಳುತ್ತೇನೆ ಅನ್ನುವುದನ್ನೂ ಹೇಳಿಬಿಡಬೇಕು. 'ಟೀ ಇನ್ ದ ಸಹಾರಾ'ದಲ್ಲಿ ಸಮ್ಮರ್ಸ್ ಗಿಟಾರಿನಿಂದ ಗಾಳಿ ಬೀಸಿಸುತ್ತಾನೆ, ಅದಕ್ಕಾಗಿ.

ಎರಡು ವರ್ಷದ ಹಿಂದೆ ನೆಂಟರ ಮದುವೆಯ ರಿಸೆಪ್ಷನ್. ಹೊಗೆ ಯಂತ್ರದ ಹೊಗೆಯೊಳಗಿಂದ ಹುಡುಗ ಹುಡುಗಿ ಕೈ ಹಿಡಿದು ವೇದಿಕೆಗೆ ಬರುತ್ತಿದ್ದಾರೆ, ಸ್ಪೀಕರಿನಲ್ಲಿ 'ಎವೆರಿ ಬ್ರೆತ್ ಯು ಟೇಕ್'. ನನಗೆ ಬಾದಾಮಿ ಹಾಲು ನೆತ್ತಿಗೇರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬೆನ್ನು ತಟ್ಟಿ, "ಯಾಕ್ರೀ ಮೇಡಂ ನಗ್ತಿದೀರಾ?" ಅಂದರು. "ಇದು ಪ್ರೀತಿಯ ಹಾಡಲ್ಲ ಕಣ್ರೀ. ಬಿಟ್ಟುಹೋದ ಹುಡುಗಿಯ ಹಿಂದೆ ಬಿದ್ದು ಕಾವಲು ಕಾಯೋನ ಹಾಡು." ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಇರ್ಲಿ ಬಿಡಿ, ಟ್ಯೂನ್ ಚೆನ್ನಾಗಿದೆ" ಅಂದರು.

ಅವರು ಹೇಳಿದ್ದೇ ನಿಜವಾದ ತೊಂದರೆ. 1982ರಲ್ಲಿ ಜಮೈಕಾದಲ್ಲಿ, ಜೇಮ್ಸ್ ಬಾಂಡ್ ಹುಟ್ಟಿಸಿದ ಇಯಾನ್ ಫ್ಲೆಮಿಂಗ್ ಬರೆಯುತ್ತಿದ್ದ ಮೇಜಿನ ಮುಂದೆ ಕೂತು ಸ್ಟಿಂಗ್ ಈ ಹಾಡು ಬರೆದ. ಹಾಡು ಕೆಡುಕಿನದು ಅಂತ ಅವನೇ ಎಷ್ಟೋ ಸಲ ಹೇಳಿದ್ದಾನೆ, ಯಾರೂ ಕೇಳುವುದಿಲ್ಲ. 2019ರಲ್ಲಿ ಅಮೆರಿಕದ ಹಕ್ಕುಸ್ವಾಮ್ಯ ಸಂಸ್ಥೆ ಬಿಎಂಐ, ತನ್ನ ಪಟ್ಟಿಯಲ್ಲಿ ರೇಡಿಯೋದಲ್ಲಿ ಅತಿ ಹೆಚ್ಚು ಸಲ ಬಂದ ಹಾಡು ಇದೇ ಅಂತ ಘೋಷಿಸಿತು.

ಮದುವೆಮನೆಯಲ್ಲಿ ನೀವೂ ಸಿಕ್ಕಿಬಿದ್ದರೆ ಭಾಷಣ ಮಾಡಬೇಡಿ. ನಾನು ಮಾಡಿ ನೋಡಿದ್ದೇನೆ, ಯಾರಿಗೂ ಬೇಡ. ಗಿಟಾರ್ ಒಂದನ್ನೇ ಕೇಳಿ. ಆ ಒಂದೊಂದೇ ತಂತಿಯಾಗಿ ಬಿಡಿಸಿಟ್ಟ ಸ್ವರಗಳು ಸಮ್ಮರ್ಸ್‌ದು. ಹಂಗೇರಿಯ ಸಂಗೀತಕಾರ ಬಾರ್ಟೋಕ್ ಪಿಟೀಲು ಜೋಡಿಗೆ ಬರೆದ ಪಾಠಗಳನ್ನು ಅಭ್ಯಾಸ ಮಾಡುತ್ತಿದ್ದ ಕೈಯಿಂದ ಬಂದದ್ದು. ಪ್ರತಿ ಕಾರ್ಡಿನಲ್ಲೂ ಒಂದು ಸ್ವರ ಜೊತೆಯವರಿಗೆ ಹೊಂದದೆ ಚುರ್ ಅನ್ನುತ್ತದೆ. ಹಾಡಿನ ವಿಷ ಇರುವುದು ಆ ಚುರ್‌ನಲ್ಲಿ. ಸಿಹಿ ರಾಗದ ಕೆಳಗೆ ಅದು ಬಿಡದೆ ನಡೆಯುತ್ತಿರುತ್ತದೆ. 1997ರಲ್ಲಿ ಅಮೆರಿಕದ ರ‍್ಯಾಪ್ ಗಾಯಕ ಪಫ್ ಡ್ಯಾಡಿ ಈ ಗಿಟಾರನ್ನೇ ಎತ್ತಿಕೊಂಡು ತನ್ನ ಹಾಡು ಮಾಡಿದಾಗ ದುಡ್ಡು ಹೋದದ್ದು ಹಾಡಿನ ಕರ್ತೃ ಅಂತ ಹೆಸರಿರುವ ಸ್ಟಿಂಗ್‌ಗೆ. ರಾಗ ಪದ ಕಟ್ಟಿದವರದು, ಗಮಕ ನುಡಿಸಿದವರದಲ್ಲ ಅಂದ ಹಾಗೆ. ಇದರ ಮೇಲೆ ನನಗೆ ಮೂವತ್ತು ವರ್ಷದಿಂದ ಸಿಟ್ಟಿದೆ. 2025ರಲ್ಲಿ ಸಮ್ಮರ್ಸ್ ಮತ್ತು ಕೋಪ್ಲೆಂಡ್ ರಾಯಲ್ಟಿಗಾಗಿ ಲಂಡನ್ನಿನ ಹೈಕೋರ್ಟಿಗೆ ಹೋದ ಸುದ್ದಿ ಓದಿದಾಗ ಖುಷಿಯಾಗಬೇಕಿತ್ತು. ಎಂಬತ್ತೆರಡು ವರ್ಷದ ಮುದುಕ ವಕೀಲರ ಮೆಟ್ಟಿಲು ಹತ್ತುವ ಚಿತ್ರ ಕಣ್ಣಿಗೆ ಬಂದು ಪೇಪರ್ ಮಡಿಸಿಟ್ಟೆ.

ಸಾಲ ಎಲ್ಲಿಂದ ತಂದರು

ಎರಡನೇ ಆಲ್ಬಮ್ಮಿನ ಹೆಸರು ಕಲಬೆರಕೆ ಫ್ರೆಂಚು, ಅರ್ಥ ಬಿಳಿಯರ ರೆಗೆ ಅಂತ. ಹೆಸರಲ್ಲೇ ಒಪ್ಪಿಕೊಂಡಿದ್ದಾರೆ ಅಂತ ಕೆಲವರು ಮೆಚ್ಚುತ್ತಾರೆ. ಒಪ್ಪಿಕೊಂಡ ಮಾತ್ರಕ್ಕೆ ಸಾಲ ತೀರಿತೇ? ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ಡಾನ್ ಲೆಟ್ಸ್ ಎಂಬ ಜಮೈಕಾ ಮೂಲದ ಡಿಜೆ, ಹಾಕಲು ಪಂಕ್ ರೆಕಾರ್ಡುಗಳೇ ಇನ್ನೂ ಇಲ್ಲದಿದ್ದರಿಂದ ರೆಗೆ ಹಾಕುತ್ತಿದ್ದ. ಹಾಗೆ ಪಂಕ್ ಹುಡುಗರ ಕಿವಿಗೆ ರೆಗೆ ಬಿತ್ತು. ಪೊಲೀಸ್‌ನವರು ಅದೇ ಗಾಳಿ ಉಸಿರಾಡಿದವರು. ಆದರೆ ಸ್ಟಿಂಗ್ ಹಾಡುವಾಗ ಜಮೈಕಾದ ಉಚ್ಚಾರ ಎಳೆದು ತರುತ್ತಾನಲ್ಲ, ಅದು ಮೈಸೂರಿನ ನಟ ಸಿನಿಮಾದಲ್ಲಿ ಧಾರವಾಡದ ಮಾತು ಆಡಿದ ಹಾಗಿರುತ್ತದೆ. ಮೊದಲ ಸಲ ನಗು, ಎರಡನೇ ಸಲ ಮುಜುಗರ.

ಅದಕ್ಕೆ ನನ್ನ ನಿಯಮ: ಪೊಲೀಸ್ ಕೇಳುವ ವಾರದಲ್ಲೇ ಬಾಬ್ ಮಾರ್ಲಿ ಅಂಡ್ ದ ವೇಲರ್ಸ್ ಕೇಳಿ, ಮಾರ್ಲಿಗಾಗಿ ಅಲ್ಲ, ಹಿಂದೆ ಕೂತ ಕಾರ್ಲ್‌ಟನ್ ಬ್ಯಾರೆಟ್ ಎಂಬ ಡ್ರಮ್ಮರಿಗಾಗಿ. ಒನ್ ಡ್ರಾಪ್ ಅನ್ನು ಜಗತ್ತಿಗೆ ಕೇಳಿಸಿದ ಕೈ ಅವನದು. ಅವನು ಅವಸರ ಮಾಡುವುದೇ ಇಲ್ಲ. ಕೋಪ್ಲೆಂಡ್ ಯಾವಾಗಲೂ ಒಂದು ಕೂದಲೆಳೆ ಮುಂದೆ ಓಡುತ್ತಿರುತ್ತಾನೆ, ರೈಲು ತಪ್ಪುತ್ತದೆ ಅನ್ನುವವನ ಹಾಗೆ. ಬ್ಯಾರೆಟ್‌ನನ್ನು ಕೇಳಿದಮೇಲೆ ಕೋಪ್ಲೆಂಡ್ ತಂದದ್ದು ಯಾವುದು, ಸೇರಿಸಿದ್ದು ಯಾವುದು ಅನ್ನುವುದು ಬೇರೆ ಬೇರೆಯಾಗಿ ಕೇಳುತ್ತದೆ. ಆ ಅವಸರವೇ ಅವನ ಸ್ವಂತದ್ದು.

ಇನ್ನೊಂದು ಮಾತು, ನಮ್ಮ ಕಡೆಯವರಿಗೆ. 1980ರ ಮಾರ್ಚಿನಲ್ಲಿ ಇವರು ಮುಂಬೈಗೆ ಬಂದು ರಂಗಭವನದ ಬಯಲು ವೇದಿಕೆಯಲ್ಲಿ ನುಡಿಸಿ ಹೋದರು, ದೊಡ್ಡ ಬ್ಯಾಂಡುಗಳು ಈ ಕಡೆ ತಲೆಯೂ ಹಾಕದಿದ್ದ ಕಾಲದಲ್ಲಿ. ಕರೆಸಿದ್ದು ಟೈಮ್ ಅಂಡ್ ಟ್ಯಾಲೆಂಟ್ಸ್ ಕ್ಲಬ್ಬಿನ ಹೆಂಗಸರು, ದಾನಧರ್ಮದ ಕಾರ್ಯಕ್ರಮವಾಗಿ. ಅಲ್ಲಿಂದ ಕೈರೋಗೆ ಹೋದರು. ಆಗ ನನಗೆ ಏಳು ವರ್ಷ, ತಾಳದಲ್ಲಿ ಆರನೇ ಎಣಿಕೆಗೆ ತಪ್ಪುತ್ತಿದ್ದೆ. ಹೋಗಲಿಲ್ಲ ಅಂತ ಬೇಸರಿಸುವುದಕ್ಕೂ ಅರ್ಥವಿಲ್ಲ, ಆದರೂ ಬೇಸರಿಸುತ್ತೇನೆ.

ಮತ್ತೆ ಕೂಡಿದ್ದು

1984ರಲ್ಲಿ ಸದ್ದಿಲ್ಲದೆ ನಿಂತುಹೋದವರು 2007ರಲ್ಲಿ ಕೂಡಿ, ವ್ಯಾಂಕೂವರಿನಲ್ಲಿ ಶುರುಮಾಡಿ, 2008ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಮುಗಿಸಿದರು. ಬ್ಯೂನಸ್ ಐರಿಸ್‌ನ ಕಛೇರಿಯ ಡಿವಿಡಿ ಇದೆ. ನೋಡುವುದಾದರೆ ಐದು ಆಲ್ಬಮ್ಮೂ ಮುಗಿದಮೇಲೆ ನೋಡಿ. ಶ್ರುತಿ ಇಳಿಸಿದ್ದಾರೆ, ಕಾಲ ನಿಧಾನ ಮಾಡಿದ್ದಾರೆ. ವಯಸ್ಸಿಗೆ ಅದು ತಪ್ಪಲ್ಲ. ಎರಡನೇ ಕಛೇರಿ ಮುಗಿದ ಕೂಡಲೇ ಕೋಪ್ಲೆಂಡ್, ನಾವು ಎಲ್ಲೆಲ್ಲಿ ಎಡವಿದೆವು ಅಂತ ತಾನೇ ಬರೆದು ಜಗತ್ತಿಗೆಲ್ಲ ಹಂಚಿದ. ಅದನ್ನು ಓದಿ ನನಗೆ ಎಷ್ಟೋ ಸ್ವಸ್ಥವಾಯಿತು, ಜಗಳ ಇನ್ನೂ ಜೀವಂತ ಇದೆ ಅಂತ.

ಸ್ಟಿಂಗ್ ಒಬ್ಬನೇ ಮಾಡಿದ್ದನ್ನು ಕೇಳಬೇಕೆ? 1985ರ ಮೊದಲ ಆಲ್ಬಂ, ಜಾಜ್ ಕಲಾವಿದರ ಜೊತೆ ಮಾಡಿದ್ದು, ಕೇಳಿ. ಅದರಾಚೆ ನಿಮ್ಮಿಷ್ಟ. ಅವನ ಮಾತನ್ನು ಅಡ್ಡಗಟ್ಟುವವರು ಯಾರೂ ಇಲ್ಲದ ಕೋಣೆ ಅದು.

ಕಡೆಯ ಹಾಡು

'ಮರ್ಡರ್ ಬೈ ನಂಬರ್ಸ್' ಅಂತ ಒಂದಿದೆ. 'ಸಿಂಕ್ರೊನಿಸಿಟಿ'ಯ ಎಲ್‌ಪಿಯಲ್ಲಿ ಇರಲಿಲ್ಲ, ಕ್ಯಾಸೆಟ್ ಮತ್ತು ಸಿ.ಡಿ.ಯಲ್ಲಿ ಸೇರಿಸಿದರು. ಸಂಗೀತ ಸಮ್ಮರ್ಸ್‌ದು. ಶುರುವಿನಲ್ಲಿ ಡ್ರಮ್ ಒಂದೇ. ಆ ಕೆಲವು ಆವರ್ತಗಳಲ್ಲಿ ಸಮ ಎಲ್ಲಿದೆ ಅಂತ ಗುರುತು ಹಿಡಿದು ಕೈ ತಟ್ಟಿ. ಬೇರೆ ವಾದ್ಯ ಸೇರಿದ ಗಳಿಗೆ ನಿಮ್ಮ ಕೈ ಗಾಳಿಯಲ್ಲಿ ಉಳಿದಿರುತ್ತದೆ. ಮೊದಲ ಸಲ ಎಲ್ಲರಿಗೂ ಆಗುತ್ತದೆ. ಎರಡನೇ ಸಲಕ್ಕೂ ಆಗುತ್ತದೆ.

ಮೊನ್ನೆ ಯುಗಾದಿಗೆ ಅಣ್ಣನ ಮನೆಗೆ ಹೋಗಿದ್ದೆ. ಅಣ್ಣ ಮೃದಂಗ ಮುಟ್ಟಿ ಎಷ್ಟೋ ವರ್ಷವಾಯಿತು, ಅದು ಅಟ್ಟದ ಮೇಲೆ ಹಳೇ ಸೀರೆ ಸುತ್ತಿಕೊಂಡು ಕೂತಿದೆ. ಅವನ ಮಗಳು ಇದೇ ಹಾಡು ಹಾಕಿ, "ಅಪ್ಪ, ಅತ್ತೆ, ಇಬ್ಬರೂ ತಾಳ ಹಾಕಿ ನೋಡೋಣ" ಅಂದಳು. ಅಣ್ಣ ಎರಡು ಪೆಟ್ಟಿಗೆ ತಲೆಯಾಡಿಸಿ ತೊಡೆಯ ಮೇಲೆ ಕೈ ಇಟ್ಟ, ಹಿಡಿದೇಬಿಟ್ಟೆ ಅನ್ನುವ ಹಾಗೆ. ನಾನೂ ಹಾಕಿದೆ. ಇಬ್ಬರ ಕೈಗೂ ಅರ್ಧ ಅಕ್ಷರದ ವ್ಯತ್ಯಾಸ. "ಇಲ್ಲಿ ಕಣೇ." "ಅಲ್ಲಲ್ಲ, ಇಲ್ಲಿ." ಗಿಟಾರ್ ಬಂತು, ಇಬ್ಬರದೂ ತಪ್ಪು. ಅವಳು ನಕ್ಕು ಮತ್ತೆ ಮೊದಲಿಂದ ಹಾಕಿದಳು. ಹೋಳಿಗೆ ಆರುತ್ತಿದೆ ಅಂತ ಅತ್ತಿಗೆ ಒಳಗಿನಿಂದ ಎರಡು ಸಲ ಕೂಗಿದರು. ಆಗ ನಾವು ಐದನೇ ಸಲ ಹಾಕಿದ್ದೆವು, ಅಣ್ಣ ಕುರ್ಚಿ ಬಿಟ್ಟು ನೆಲಕ್ಕೆ ಇಳಿದು ಚಕ್ಕಳಮಕ್ಕಳ ಹಾಕಿ ಕೂತಿದ್ದ.